ಪೆರಂಬೂರಿನಲ್ಲಿ ಕೊಳ್ಳೇಗಾಲದ ಹೆಂಗಸು

ಸೆಂಟ್ರಲ್

ಪಾಸ್‌ಪೋರ್ಟ್ ಇಲ್ಲದೆ ಹೋಗಿಬಂದ ಊರನ್ನು ಪರದೇಶ ಎಂದರೆ ನೀವು ನಗುತ್ತೀರಿ. ನನ್ನ ಹೆಂಡತಿಯೂ ನಕ್ಕಳು. ನಮ್ಮಜ್ಜನ ಕಾಲದಲ್ಲಿ ಕೊಳ್ಳೇಗಾಲ ಮದರಾಸು ಸೀಮೆಗೇ ಸೇರಿತ್ತು. ನಮ್ಮ ಮನೆಯ ಹಳೇ ಪತ್ರಗಳಲ್ಲಿ ಅರ್ಧ ತಮಿಳಿನಲ್ಲಿವೆ, ನನಗೂ ಆ ಭಾಷೆ ಆಡಲು ಬರುತ್ತದೆ, ತಡವರಿಸಿ ಓದಲೂ ಬರುತ್ತದೆ. ಆದರೂ ಎರಡು ಸಾವಿರದ ಮೂರರ ಆ ಬೇಸಗೆಯಲ್ಲಿ ಚೆನ್ನೈಯ ಸೆಂಟ್ರಲ್ ಸ್ಟೇಷನ್ನಿನಿಂದ ಹೊರಗೆ ಬಂದವನಿಗೆ ನನ್ನ ಊರಿನ ಹೆಸರೇ ಅಡ್ಡ ಬಂತು.

ಆಟೋದವನು ಮಧ್ಯವಯಸ್ಸಿನ ಸಾಧು ಮನುಷ್ಯ. ಗಾಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದ. ಒಳಗೆ ಮುರುಗನ ಪಟ, ಅದರ ಪಕ್ಕದಲ್ಲೇ ಮಾತೆ ಮರಿಯಳ ಪಟ.

"ಎಂದ ಊರು ಸಾರ್?" ಎಂದ.

"ಕೊಳ್ಳೇಗಾಲ."

ಗಾಡಿ ನಿಧಾನವಾಯಿತು. ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಿದ. ಇನ್ನು ಮುಂದೆ ಅಲ್ಲಿಯವರ ತಮಿಳನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಅವನು ದನಿ ತಗ್ಗಿಸಿ, "ಸಾಮಿ, ನನಗೊಬ್ಬ ಭಾವಮೈದ ಇದಾನೆ. ಅವನ ಮೇಲೆ ಒಂದು ಸಣ್ಣ ಕೆಲಸ ಆಗಬೇಕಿತ್ತು" ಎಂದ.

ನಮ್ಮ ಕಡೆಯ ಮಾಟಕ್ಕೆ ಅವರು ಸೂನಿಯಂ ಎನ್ನುತ್ತಾರೆ. ಕೊಳ್ಳೇಗಾಲವೆಂದರೆ ಮಾಟ ಎಂಬುದು ನಮ್ಮ ನಾಡಿನ ಹಳೇ ಅಪವಾದ. ಮೈಸೂರಿನ ಬಸ್ಸಿನಲ್ಲಿ ಅದನ್ನು ತಮಾಷೆಯಾಗಿ ಕೇಳಿ ಅಭ್ಯಾಸವಿತ್ತು. ಇಲ್ಲಿ ತಮಾಷೆ ಇರಲಿಲ್ಲ. "ನಾನು ಚರ್ಚಿನ ಪಾಸ್ಟರು ಕಣಪ್ಪ" ಎಂದೆ.

"ಪಾಸ್ಟರಾ! ಹಾಗಾದರೆ ತೆಗೆಯೋದು ಗೊತ್ತಿರತ್ತೆ. ಹಾಕೋದಕ್ಕೆ ನಿಮ್ಮೂರಲ್ಲಿ ಯಾರು ಒಳ್ಳೆಯವರು, ಅದನ್ನಾದರೂ ಹೇಳಿ."

ಇಳಿಯುವಾಗ ಬಾಡಿಗೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಸೀಟಿನ ಮೇಲೆ ಇಡಿ ಎಂದ. ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ನಾನು ಆ ಊರಿಗೆ ಬಂದದ್ದೇ ಇಂಥ ಒಂದು ಮಾತಿನ ಬೆನ್ನು ಹಿಡಿದು.

ಪೆರಂಬೂರು

ಪೆರಂಬೂರಿನಲ್ಲಿ ಇರುವವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ರೈಲಿನವರು. ಬೋಗಿ ಕಾರ್ಖಾನೆಯ ಸೈರನ್ನಿಗೆ ಬೀದಿ ಏಳುತ್ತದೆ, ಸೈರನ್ನಿಗೆ ಉಣ್ಣುತ್ತದೆ. ಅಲ್ಲಿಯ ಸಭೆಯ ಪಾಸ್ಟರನ್ನು ಜನ ಸಾಮುವೇಲ್ ಅಯ್ಯರ್ ಎಂದು ಕರೆಯುತ್ತಿದ್ದರು. ತಮಿಳು ಕ್ರೈಸ್ತರಲ್ಲಿ ಪಾಸ್ಟರು ಎಂದರೆ ಅಯ್ಯರೇ. ನಮ್ಮಲ್ಲಿ ನನ್ನನ್ನು ಅಯ್ಯನವರು ಎನ್ನುವ ಹಾಗೆ. ಅರವತ್ತರ ಅಂಚಿನ, ಮೆದು ದನಿಯ ಮನುಷ್ಯ. ಲೋಟ-ಡಬರಾದಲ್ಲಿ ಕಾಫಿ ಆರಿಸಿ ಕೊಟ್ಟರು.

ನಮ್ಮ ಮನೆಯ ಹತ್ತಿರದ ಎಸ್‌ಟಿಡಿ ಬೂತಿಗೆ ಫೋನು ಮಾಡಿ ನನ್ನನ್ನು ಕರೆಸಿದ್ದು ಅವರೇ. ವಿಷಯ ಸುಗುಣಳದು. ಸುಗುಣ ನಮ್ಮ ಸಭೆಯ ಹುಡುಗಿ, ಕೊಳ್ಳೇಗಾಲದ ರೇಷ್ಮೆ ಮಗ್ಗದವನೊಬ್ಬನ ಮಗಳು. ಅವಳ ಮದುವೆ ಮಾಡಿಸಿದವನು ನಾನು. ಗಂಡ ಸೆಲ್ವರಾಜ್ ಬೋಗಿ ಕಾರ್ಖಾನೆಯಲ್ಲಿ ವೆಲ್ಡರ್. ಅವನ ಅಣ್ಣ ಡೇನಿಯಲ್, ಅತ್ತಿಗೆ ಎಸ್ತರ್, ತಾಯಿ ಜ್ಞಾನಮ್ಮಾಳ್ ಪಕ್ಕದ ಬೀದಿಯಲ್ಲಿದ್ದರು. ಎಸ್ತರಳ ಒಬ್ಬಳೇ ಮಗಳು ಜೆನಿ, ಆರು ವರ್ಷದವಳು, ಆ ಬೇಸಗೆಯ ಮೊದಲಲ್ಲಿ ತೀರಿಕೊಂಡಿದ್ದಳು.

"ಕಾಮಾಲೆ," ಎಂದರು ಸಾಮುವೇಲ್ ಅಯ್ಯರ್. "ಆದರೆ ಮೊದಲು ಗೊತ್ತಾಗಲಿಲ್ಲ. ಗಿಂಡಿಯಲ್ಲಿ ಒಬ್ಬ ಬ್ರದರ್ ಪ್ರಾರ್ಥನೆ ಮಾಡುತ್ತಾನೆ. ನಮ್ಮ ಸಭೆಯ ಅರ್ಧ ಜನ ಭಾನುವಾರ ಇಲ್ಲಿ, ಶುಕ್ರವಾರ ಅವನಲ್ಲಿ. ಮಗುವನ್ನು ಅಲ್ಲಿಟ್ಟುಕೊಂಡು ಉಪವಾಸ ಮಾಡಿದರು. ಆಸ್ಪತ್ರೆಗೆ ಒಯ್ದಾಗ ತಡವಾಗಿತ್ತು. ಮಣ್ಣು ಮಾಡಿದ ಮೇಲೆ ಆ ಬ್ರದರ್, ನಿಮ್ಮ ಹೊಸ್ತಿಲ ಕೆಳಗೆ ಏನೋ ಇದೆ, ಅಗೆಯಿರಿ ಎಂದ. ಅಗೆದರೆ ಕಪ್ಪು ದಾರ ಸುತ್ತಿದ ತಾಮ್ರದ ತಗಡು ಸಿಕ್ಕಿತು. ಕೊಳ್ಳೇಗಾಲದ ಸೊಸೆ ಮನೆತನದಲ್ಲಿ ಇದ್ದಾಗ ಇನ್ನು ಯಾರನ್ನು ಕೇಳಬೇಕು?"

"ನೀವು ಏನು ಮಾಡಿದಿರಿ?"

ಅವರು ಕಿಟಕಿಯತ್ತ ತಿರುಗಿದರು. "ಪ್ರಾರ್ಥನೆ ಮಾಡಿದೆ." ಆಮೇಲೆ ನನ್ನತ್ತ ತಿರುಗಿ, "ಅವಳ ಮನೆತನದಲ್ಲಿ ಅಂಥದ್ದೇನಾದರೂ ಇತ್ತೇ, ನೀವೇ ಹೇಳಬೇಕು. ಇಲ್ಲದಿದ್ದರೂ ನನಗೆ ಒಂದು ದಾರಿ ತೋರುತ್ತದೆ. ಸಭೆಯ ಮುಂದೆ ಅವಳು ಬಂದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಮೊಣಕಾಲೂರಲಿ. ನಾವಿಬ್ಬರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸೋಣ. ಜನಕ್ಕೆ ಸಮಾಧಾನ ಆಗುತ್ತದೆ. ಎಸ್ತರಳ ಒಡಲ ಉರಿ ಆರುತ್ತದೆ."

"ಮಾಡದ ತಪ್ಪನ್ನು ಒಪ್ಪಿಕೊಳ್ಳಲಿ ಅನ್ನುತ್ತೀರಾ?"

"ಶಾಂತಿಗಾಗಿ."

ಅವರು ಕೆಟ್ಟವರಲ್ಲ. ಸುಳ್ಳು ಹೇಳಬೇಡ ಎನ್ನುವ ಕೆಲಸವನ್ನೇ ಜೀವಮಾನವಿಡೀ ಮಾಡಿದ ಇಬ್ಬರು ಕೂತು, ಒಬ್ಬ ಹೆಂಗಸಿನಿಂದ ಎಷ್ಟು ಸುಳ್ಳು ಹೇಳಿಸಬಹುದು ಎಂದು ಅಳೆಯುತ್ತಿದ್ದೆವು.

ನೀರಿನ ಲಾರಿ

ಆ ವರ್ಷ ಚೆನ್ನೈಗೆ ನೀರಿರಲಿಲ್ಲ. ಬೀದಿಗೆ ಲಾರಿ ಬರುತ್ತಿತ್ತು. ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಕೊಡಗಳ ಸಾಲು ಲಾರಿಗಿಂತ ಮೊದಲೇ ಬಂದು ಕೂತಿರುತ್ತಿತ್ತು. ನಮ್ಮಲ್ಲಿ ನೀರಿಗೆ ಜಗಳವಾದರೆ ಊರೆಲ್ಲ ಕೇಳಿಸುತ್ತದೆ. ಇಲ್ಲಿ ಜಗಳಕ್ಕೂ ಒಂದು ಕ್ರಮವಿತ್ತು. ಯಾರ ಕೊಡ ಯಾರದರ ಹಿಂದೆ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದರು.

ಬೆಳಿಗ್ಗೆ ನಾನು ಸುಗುಣಳ ಮನೆಗೆ ಹೋದಾಗ ಅವಳು ಎರಡು ಕೊಡ ಹಿಡಿದು ಬೀದಿಯ ತುದಿಯಲ್ಲಿ ನಿಂತಿದ್ದಳು, ಸಾಲಿನಲ್ಲಲ್ಲ. ಸಾಲು ಪೂರ್ತಿ ಮುಗಿದು, ಲಾರಿಯವನು ಪೈಪು ಸುತ್ತುವಾಗ ಹತ್ತಿರ ಹೋದಳು. ತಳದಲ್ಲಿ ಉಳಿದದ್ದು ಸಿಕ್ಕಿತು. ಅರ್ಧ ಕೊಡ.

ನನ್ನನ್ನು ಕಂಡವಳು ಕೊಡ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬಂದ್ರಾ ಅಯ್ಯ. ಬನ್ನಿ, ಕೂತ್ಕಳಿ. ಕಾಫಿ ಕಾಸ್ತೀನಿ" ಎಂದಳು. ಮೂವತ್ತೈದಾಗಿರಬೇಕು, ಐವತ್ತರವಳ ಹಾಗೆ ಕಂಡಳು.

ಆ ಬಾಡಿಗೆ ಮನೆಯ ಯಜಮಾನಿ ರಮಾಬಾಯಿ ಕೆಳಗಿನ ಭಾಗದಲ್ಲಿದ್ದರು. ಮಾಧ್ವರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದವರು, ತಮಿಳು ಬೆರೆತ ಕನ್ನಡ ಅವರದು. ಗಂಡ ರೈಲ್ವೆಯ ಲೆಕ್ಕಪತ್ರದ ಆಫೀಸಿನಲ್ಲಿದ್ದು ತೀರಿಕೊಂಡಿದ್ದರು. ಬಾಗಿಲಲ್ಲೇ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವೇನಾ ಆ ಊರಿನ ಪಾದ್ರಿ? ಒಳ್ಳೇದಾಯ್ತು ಬಂದದ್ದು. ಪಾವಂ, ಆ ಪೊಣ್ಣು, ನಿಮ್ಮೂರ ಹುಡುಗಿ, ದಿನಾ ಅರ್ಧ ಕೊಡಂ ನೀರಲ್ಲಿ ಸಂಸಾರ ಮಾಡ್ತಾಳೆ. ನನ್ನ ಹಿತ್ತಲ ಬಾವೀಲಿ ಸ್ವಲ್ಪ ಊರತ್ತೆ, ಅದನ್ನ ಸೇದ್ಕೋ ಅಂತ ಹೇಳಿದ್ದೀನಿ. ಬೀದಿಯೋರು ಬಂದು, ಮಾಮಿ, ಅವಳು ಮುಟ್ಟಿದ ಬಾವಿ ನೀವು ಹೇಗೆ ಕುಡೀತೀರ ಅಂತ ಕೇಳ್ತಾರೆ. ನಾನು ಸೊಲ್ಲಿಬಿಟ್ಟೆ, ನಿಮ್ಮ ಕೊಡಾನೂ ನಾನು ಮುಟ್ಟಲ್ಲ, ಅವಳ ಕೊಡಾನೂ ಮುಟ್ಟಲ್ಲ, ನನ್ನ ಮಡಿಗೆ ಎಲ್ಲಾರೂ ಒಂದೇ, ಸುಮ್ನೆ ವಂಬು ತಂಟೆ ಬೇಡ ಅಂತ."

ಮಡಿಯ ಮೇಲೆ ನನಗಿರುವ ಅಭಿಪ್ರಾಯವೇ ಬೇರೆ. ಆದರೆ ಆ ಬೀದಿಯಲ್ಲಿ ಸುಗುಣಳಿಗೆ ಪೂರ್ತಿ ಕೊಡ ನೀರು ಸಿಗುತ್ತಿದ್ದುದು ಆ ಮಡಿ ಹೆಂಗಸಿನಿಂದ. ಹಾಡಿ ಪ್ರಾರ್ಥಿಸುವ ನಮ್ಮವರಿಂದಲ್ಲ. ಅದನ್ನು ನಾನು ಮರೆಮಾಚಲಾರೆ.

ಮೇಲೆ, ಒಂದೇ ಕೋಣೆಯ ಮನೆಯಲ್ಲಿ, ಸುಗುಣಳ ಮಗಳು ಲಿಡಿಯಾ ನೆಲದ ಮೇಲೆ ಕೂತು ಒಬ್ಬಳೇ ಕವಡೆ ಆಡುತ್ತಿದ್ದಳು. "ಜೊತೆಗೆ ಯಾರೂ ಇಲ್ವೇನಮ್ಮ?" ಎಂದು ಕನ್ನಡದಲ್ಲಿ ಕೇಳಿದೆ. ಅವಳಿಗೆ ಅರ್ಥವಾಯಿತು. ಉತ್ತರ ಮಾತ್ರ ತಮಿಳಿನಲ್ಲಿ ಬಂತು: "ಯಾರುಂ ವಿಳೆಯಾಡ ವರಮಾಟ್ಟಾಂಗ." ಆಡಲು ಯಾರೂ ಬರುವುದಿಲ್ಲ. ದೂರಿನ ಧಾಟಿಯಿರಲಿಲ್ಲ. ಮಳೆ ಬರುವುದಿಲ್ಲ ಎನ್ನುವ ಹಾಗೆ ಹೇಳಿತು ಮಗು.

ಸುಗುಣ ಗೋಡೆಗೆ ಒರಗಿ ಕೂತಳು.

"ಆ ಮಗೀನ ನಾನೇ ಎತ್ತಾಡ್ಸಿದ್ದು ಅಯ್ಯ. ಎಸ್ತರಕ್ಕ ಕೆಲ್ಸಕ್ಕೆ ಹೋದ್ರ ಜೆನಿ ಇಲ್ಲೇ ಉಣ್ಣದು, ಇಲ್ಲೇ ಮಲಗದು. ಮಣ್ಣ್ ಮಾಡ್ದಾಗ ಒಂದ್ ಹಿಡಿ ಮಣ್ಣ್ ಹಾಕಕ್ಕೂ ಬುಡ್ನಿಲ್ಲ ನನ್ನ."

"ಸೆಲ್ವರಾಜ್ ಏನಂತಾನೆ?"

"ಏನೂ ಅನ್ನಲ್ಲ. ಅದೇ ನನಗ ಕಷ್ಟ." ಆಮೇಲೆ, "ಇಲ್ಲಿಯ ಅಯ್ಯರು ಬಂದಿದ್ರು. ಒಪ್ಕೊಂಡ್ಬುಡು ತಾಯಿ, ಎಲ್ಲಾ ಸರಿಹೋಯ್ತದ ಅಂದ್ರು. ಒಪ್ಕೊಂಡ್ರ ಸರಿಹೋಯ್ತದಾ ಅಯ್ಯ?"

"ಇಲ್ಲಮ್ಮ. ಒಪ್ಪಿಕೊಂಡರೆ ಜೀವಮಾನವಿಡೀ ನೀನು ಮಾಡಿದವಳೇ ಆಗುತ್ತೀಯ."

"ಒಪ್ಕೊಳ್ದೆ ಇದ್ರೂ ಅಂಗೇ ಆಗಿವ್ನಿ" ಎಂದಳು.

ಗಿಂಡಿ

ಈ ವಿಷಯಕ್ಕೆ ಶನಿವಾರ ಸಭೆಯ ಹಿರಿಯರು ಸೇರುವುದೆಂದಾಗಿತ್ತು. ಗಿಂಡಿಯ ಆ ಬ್ರದರನ್ನು ನೋಡದೆ ಅಲ್ಲಿ ಕೂರಬಾರದು ಎನಿಸಿತು. ಶುಕ್ರವಾರ ಲೋಕಲ್ ರೈಲು ಹತ್ತಿದೆ. ರೈಲು ಬದಲಿಸುವ ಗಡಿಬಿಡಿಯಲ್ಲಿ ಹೆಂಗಸರ ಡಬ್ಬಿಗೆ ಏರಿಬಿಟ್ಟೆ. ಹೂವಿನ ಬುಟ್ಟಿ, ಮೀನಿನ ಬುಟ್ಟಿಗಳ ನಡುವೆ ಬಿಳಿ ನಿಲುವಂಗಿಯ ನನ್ನನ್ನು ಕಂಡು ಡಬ್ಬಿಯೇ ಬೊಬ್ಬೆ ಹೊಡೆಯಿತು. ಮುಂದಿನ ಸ್ಟೇಷನ್ನಿನಲ್ಲಿ ಒಬ್ಬ ಮೀನಿನವಳು ನನ್ನ ತೋಳು ಹಿಡಿದು ಇಳಿಸಿ, "ಫಾದರ್, ದೇವರ ಡಬ್ಬಿ ಆ ಕಡೆ" ಎಂದಳು. ಆ ಪ್ರವಾಸದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಕೈಗಾರಿಕಾ ವಸಾಹತಿನಲ್ಲಿ ಮುಚ್ಚಿದ ವರ್ಕ್‌ಷಾಪೊಂದರ ಷೆಡ್ಡು. ಒಳಗೆ ಜಮಖಾನೆ, ಮೈಕು, ಕಣ್ಣೀರು. ನೂರಾರು ಜನ. ಪ್ರಾರ್ಥನೆ ಮುಗಿದ ಮೇಲೆ ಬ್ರದರ್ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟ. ನಾನೊಬ್ಬ ಮೋಸಗಾರನನ್ನು ನಿರೀಕ್ಷಿಸಿದ್ದೆ. ಇವನು ಮೂವತ್ತು ಮುಟ್ಟದ, ಬಡಕಲು, ಗಂಟಲು ಕಟ್ಟಿದ ಯುವಕ. ಹಿಂದೆ ಅದೇ ವಸಾಹತಿನಲ್ಲಿ ಲೇತ್ ಓಡಿಸುತ್ತಿದ್ದವನು.

"ನಾನು ಯಾರ ಹೆಸರೂ ಹೇಳಿಲ್ಲ ಅಯ್ಯಾ. ಪ್ರಾರ್ಥನೆಯಲ್ಲಿ ಕಂಡದ್ದು ಹೇಳಿದೆ. ಪಶ್ಚಿಮದಿಂದ ಬಂದ ಹೆಂಗಸು ಅಂತ ಅಷ್ಟೆ."

"ಆ ಮನೆಯಲ್ಲಿ ಪಶ್ಚಿಮದಿಂದ ಬಂದವಳು ಒಬ್ಬಳೇ. ಹೆಸರು ಹೇಳುವುದು ಇನ್ನೇನು ಉಳಿಯಿತು?"

"ಮಾಟಗಾತಿಯನ್ನು ಜೀವಸಹಿತ ಬಿಡಬಾರದೆಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ. ನಿಮಗೂ ಗೊತ್ತು."

"ಗೊತ್ತು. ಒಬ್ಬನೇ ಸಾಕ್ಷಿಯ ಮಾತಿಗೆ ಯಾರನ್ನೂ ಅಪರಾಧಿ ಅನ್ನಬೇಡಿ ಅಂತಲೂ ಅದೇ ಧರ್ಮಶಾಸ್ತ್ರದಲ್ಲಿದೆ. ಸುಳ್ಳು ಸಾಕ್ಷಿ ಹೇಳಿದವನಿಗೆ ಅವನು ಇನ್ನೊಬ್ಬನಿಗೆ ಬಯಸಿದ ಗತಿಯೇ ಆಗಲಿ ಅಂತಲೂ ಇದೆ. ನಿನ್ನ ಸಾಕ್ಷಿಗಳು ಯಾರಪ್ಪ?"

"ದೇವರ ಆತ್ಮ."

"ದೇವರು ಹೇಳದ್ದನ್ನು ದೇವರ ಹೆಸರಲ್ಲಿ ಹೇಳಿದವನ ವಿಷಯವೂ ಅಲ್ಲೇ ಬರೆದಿದೆ ತಮ್ಮಾ."

ಅವನು ಸಿಟ್ಟಾಗಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ, "ಆ ಮಗು ನನ್ನ ತೊಡೆಯ ಮೇಲಿತ್ತು ಅಯ್ಯಾ. ಕಣ್ಣು ಹಳದಿಯಾಗಿತ್ತು. ಮಾಮಾ, ದಾಹ ಅಂತಿತ್ತು. ನಾನು ಕೇಳಿದ್ದೆಲ್ಲ ಕೊಟ್ಟ ದೇವರು ಇದನ್ನು ಯಾಕೆ ಕೊಡಲಿಲ್ಲ? ಯಾರೋ ಅಡ್ಡ ಇರಲೇಬೇಕು. ಇಲ್ಲದಿದ್ದರೆ..." ಎಂದು ನಿಲ್ಲಿಸಿದ.

"ಆಸ್ಪತ್ರೆಗೆ ಯಾಕೆ ಕಳಿಸಲಿಲ್ಲ?"

"ಹೋಗಬೇಡಿ ಅಂತ ನಾನು ಹೇಳಲಿಲ್ಲ." ದನಿ ಇನ್ನೂ ಕೆಳಗಿಳಿಯಿತು. "ಹೋಗಿ ಅಂತಲೂ ಹೇಳಲಿಲ್ಲ."

ಸತ್ಯವೇದದ ಯೋಬನ ಮಕ್ಕಳು ಸತ್ತಾಗ ಅವನ ಸ್ನೇಹಿತರೂ ಕಾರಣ ಹುಡುಕಿದರು, ಕೊನೆಗೆ ದೇವರು ಗದರಿಸಿದ್ದು ಆ ಸ್ನೇಹಿತರನ್ನೇ ಎಂದು ನೆನಪಿಸಿದೆ. ಹುಟ್ಟುಕುರುಡನನ್ನು ಕಂಡು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಯೇಸು ಯಾರ ಮೇಲೂ ಬೆರಳು ತೋರಿಸಲಿಲ್ಲ ಎಂದೆ. ಅವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಬಾಯಿಪಾಠವಿತ್ತು. ನಾಳೆ ಪೆರಂಬೂರಿಗೆ ಬಂದು, ತಪ್ಪು ನನ್ನದು ಎಂದು ಹೇಳುತ್ತೀಯಾ ಎಂದು ಕೇಳಿದೆ. ಹೊರಗೆ ಜನ ಅವನ ಹೆಸರು ಹಿಡಿದು ಅಳುತ್ತಿದ್ದರು. ಎದ್ದು ಹೋದ.

ಮರುದಿನ ಅವನು ಬರಲಿಲ್ಲ.

ಚರ್ಚಿನ ಹಿಂದಿನ ಕೋಣೆ

ಶನಿವಾರ ಸಂಜೆ ಸಭೆಯ ಹಿರಿಯರು ಸೇರಿದರು. ಉದ್ದ ಮೇಜಿನ ತಲೆಯಲ್ಲಿ ಸಾಮುವೇಲ್ ಅಯ್ಯರ್, ಅವರ ಬಲಕ್ಕೆ ಹಿರಿಯರು, ಎಡಕ್ಕೆ ನಾನು. ಎದುರಿಗೆ ಡೇನಿಯಲ್, ಎಸ್ತರ್, ಮುದುಕಿ ಜ್ಞಾನಮ್ಮಾಳ್. ಬಾಗಿಲ ಹತ್ತಿರ ಸೆಲ್ವರಾಜ್, ಅವನಿಂದ ಒಂದು ಕುರ್ಚಿ ಬಿಟ್ಟು ಸುಗುಣ. ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಆ ತಗಡು. ಅದರ ಹತ್ತಿರ ಯಾರೂ ಕೈಯಿಟ್ಟಿರಲಿಲ್ಲ.

ಜೆನಿ ಹೋದ ಮೇಲೆ ಎಸ್ತರಳನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಅವಳ ಮಡಿಲಲ್ಲಿ ಮಗುವಿನದೊಂದು ಸ್ವೆಟರ್ ಇತ್ತು. ಚೆನ್ನೈಯ ಆ ಸೆಕೆಯಲ್ಲಿ ಸ್ವೆಟರ್. ಅದನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು.

ಸುಗುಣಳ ಮನೆತನದ ಬಗ್ಗೆ ಕೇಳಿದರು. ಹೇಳಿದೆ. ತಂದೆ ಮಗ್ಗದವನು, ತಾಯಿ ನಮ್ಮ ಸಭೆಯಲ್ಲಿ ಹಾಡು ಹೇಳಿಕೊಡುತ್ತಿದ್ದವಳು. ಹಿರಿಯರಲ್ಲೊಬ್ಬರು, ನಿವೃತ್ತ ಫೋರ್ಮನ್, ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲ ಸರಿ ಅಯ್ಯಾ. ಆದರೆ ಕೊಳ್ಳೇಗಾಲ ಅಲ್ಲವಾ" ಎಂದರು. ಆಮೇಲೆ, "ನಾವು ಶಿಕ್ಷೆ ಕೇಳುತ್ತಿಲ್ಲ. ತಪ್ಪಾಗಿದ್ದರೆ ಕ್ಷಮಿಸಿ ಎಂಬ ಒಂದು ಮಾತು. ನಾಳೆ ಸಂಸ್ಕಾರದ ಆರಾಧನೆ, ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಎಲ್ಲರೂ ಶುದ್ಧವಾಗಿ ಬರಲಿ" ಎಂದರು.

ನಾನು ಎದ್ದು ನಿಂತೆ. ಮಾಟವೆಂಬುದೇ ಇಲ್ಲ ಎಂದು ನಾನು ವಾದಿಸಲಿಲ್ಲ. ಅದು ನನಗೆ ಗೊತ್ತಿರುವ ವಿಷಯವಲ್ಲ. ಅದನ್ನು ಮಾಡಬಾರದು, ಮಾಡಿಸಬಾರದು, ಅದಕ್ಕೆ ಅಂಜಲೂಬಾರದು ಎಂದು ಸತ್ಯವೇದ ಹೇಳುತ್ತದೆ ಎಂದೆ. ಆದರೆ ನೆರೆಯವಳ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬುದು ಹತ್ತು ಆಜ್ಞೆಗಳಲ್ಲೇ ಇದೆ, ಅದಕ್ಕೆ ಶಾಂತಿಯ ನೆಪವೂ ಇಲ್ಲ, ದುಃಖದ ನೆಪವೂ ಇಲ್ಲ ಎಂದೆ. ಚೆನ್ನಾಗಿಯೇ ಹೇಳಿದೆ ಎಂದುಕೊಂಡಿದ್ದೇನೆ. ಯಾರ ಮುಖವೂ ಕದಲಲಿಲ್ಲ.

ಆಗ ಸುಗುಣ ಎದ್ದಳು. "ಬುಡಿ ಅಯ್ಯ, ಸಾಕು" ಎಂದಳು ನನಗೆ, ಕನ್ನಡದಲ್ಲಿ. "ಹೇಳ್ಬುಡ್ತೀನಿ. ನನ್ ಮಗ್ಳು ಬೀದೀಲಿ ಆಡ್ಕಳ್ಲಿ." ಆಮೇಲೆ ಮೇಜಿನ ಕಡೆ ತಿರುಗಿ ತಮಿಳಿನಲ್ಲಿ, "ನಾನೇ..." ಎಂದು ಶುರುಮಾಡಿದಳು.

"ಬೇಡ!"

ಕೂಗಿದ್ದು ಮುದುಕಿ ಜ್ಞಾನಮ್ಮಾಳ್. ಎದ್ದು ನಿಲ್ಲಲು ಹೋಗಿ ಮೇಜಿನ ಅಂಚು ಹಿಡಿದುಕೊಂಡಳು. "ಅವಳು ಹೇಳಬಾರದು. ಅದನ್ನು ಇಟ್ಟವಳು ನಾನು."

ಮುದುಕಿ ಒಂದೇ ಉಸಿರಿನಲ್ಲಿ ಹೇಳಿದಳು. ಎಸ್ತರಳಿಗೆ ಮೊದಲು ಎರಡು ಕೂಸು ಹುಟ್ಟಿ ಹೋಗಿದ್ದವು. ಮೂರನೆಯದು ಜೆನಿ. ಅದಾದರೂ ಉಳಿಯಲೆಂದು ಮುದುಕಿ ಯಾರಿಗೂ ಹೇಳದೆ ಒಬ್ಬ ಮಂತ್ರವಾದಿಯ ಹತ್ತಿರ ಹೋಗಿ, ಕಾವಲಿಗೆಂದು ತಗಡು ಬರೆಸಿ ತಂದು, ಹೊಸ್ತಿಲ ಸಿಮೆಂಟು ಒಡೆದಿದ್ದಾಗ ಹೂತಿದ್ದಳು. "ಕಾಯೋದಕ್ಕೆ ಇಟ್ಟದ್ದು. ಕೊಲ್ಲೋದಕ್ಕಲ್ಲ."

"ಇಷ್ಟು ದಿನ ಯಾಕಮ್ಮ ಸುಮ್ಮನಿದ್ದೆ?" ಎಂದರು ಸಾಮುವೇಲ್ ಅಯ್ಯರ್.

"ಸಭೆಯಿಂದ ಹೊರಗೆ ಹಾಕುತ್ತೀರ ಅಂತ. ನಾಳೆ ನಾನು ಸತ್ತರೆ ನಮ್ಮ ಯಜಮಾನರ ಪಕ್ಕ ಮಣ್ಣು ಕೊಡಲ್ಲ ಅಂತ."

ನಾನು ತಗಡನ್ನು ಬಿಚ್ಚಿ ನೋಡಿದೆ. ಚೌಕ ಚೌಕವಾಗಿ ಗೆರೆ ಎಳೆದು ಅಂಕಿ, ಅಕ್ಷರ ತುಂಬಿದ್ದರು. ಅಕ್ಷರಗಳು ತಮಿಳು. ಇಷ್ಟು ದಿನದಲ್ಲಿ ಅದನ್ನು ಬಿಚ್ಚಿ ನೋಡುವಷ್ಟು ಧೈರ್ಯ ಅಲ್ಲಿ ಯಾರಿಗೂ ಬಂದಿರಲಿಲ್ಲ.

ಇಲ್ಲಿಗೆ ಮುಗಿಯಿತು, ಸತ್ಯ ಹೊರಬಿತ್ತು ಎಂದುಕೊಂಡೆ. ಅದು ನನ್ನ ದಡ್ಡತನ. ಎಸ್ತರ್ ಸ್ವೆಟರನ್ನು ಎದೆಗೊತ್ತಿಕೊಂಡು ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

"ಹಾಗಾದರೆ ನೀವು. ನನ್ನ ಮೂರು ಮಕ್ಕಳನ್ನೂ ತಿಂದದ್ದು ನೀವು."

ಹಿರಿಯರ ಮುಖಗಳು ಒಟ್ಟಿಗೆ ಮುದುಕಿಯತ್ತ ಹೊರಳಿದವು. ಒಂದು ಕ್ಷಣದ ಹಿಂದೆ ಸುಗುಣಳ ಮೇಲಿದ್ದ ಅದೇ ನೋಟ. ಡೇನಿಯಲ್ ತಾಯಿಯ ಪಕ್ಕದಿಂದ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. ಫೋರ್ಮನ್ನರು, "ಇವಳನ್ನು ಈ ಕ್ಷಣವೇ ಸಭೆಯಿಂದ..." ಎಂದರು.

ಸಾಮುವೇಲ್ ಅಯ್ಯರ್ ಎದ್ದು ಬಂದು ಮುದುಕಿಯ ಮುಂದೆ ನಿಂತರು. ಇಷ್ಟು ದಿನ ನಾನು ಕಂಡ ಆ ಮೆದು ಮನುಷ್ಯ ಎಲ್ಲಿ ಹೋದರೋ.

"ಕೂತ್ಕೊಳ್ಳಿ," ಎಂದರು. "ಈ ಕೋಣೆಯಲ್ಲಿ ಇನ್ನೊಬ್ಬ ಮಾಟಗಾತಿಯನ್ನು ಹುಡುಕೋದಕ್ಕೆ ನಾನು ಬಿಡಲ್ಲ. ಎಸ್ತರ್, ನಿನ್ನ ಮಗು ಕಾಮಾಲೆಯಿಂದ ಹೋಯಿತು. ನಾವು ತಡ ಮಾಡಿದೆವು. ಮೊದಲ ದಿನ ನಾನು ಬಂದು ನೋಡಿದೆ, ಆಸ್ಪತ್ರೆಗೆ ನಡೆಯಿರಿ ಅನ್ನಲಿಲ್ಲ, ಬ್ರದರ್ ಹತ್ತಿರ ಹೋಗುವವರನ್ನು ತಡೆದರೆ ಸಭೆ ಬಿಟ್ಟು ಹೋಗ್ತಾರೆ ಅಂತ ಅಂಜಿದೆ. ಜ್ಞಾನಮ್ಮಾಳ್ ಮಾಡಿದ್ದು ತಪ್ಪು. ದೇವರ ಮೇಲೆ ಇಡಬೇಕಾದ ನಂಬಿಕೆಯನ್ನು ತಗಡಿನ ಮೇಲೆ ಇಟ್ಟಳು. ಅದಕ್ಕೆ ಪಶ್ಚಾತ್ತಾಪ ಉಂಟು, ಕ್ಷಮೆ ಉಂಟು, ಅವಳ ಗಂಡನ ಪಕ್ಕ ಜಾಗವೂ ಉಂಟು. ಆದರೆ ಅವಳು ಕೊಂದಳು ಅಂತ ಯಾರಾದರೂ ಅಂದರೆ, ನಾಳೆ ದ್ರಾಕ್ಷಾರಸದ ಪಾತ್ರೆಯನ್ನು ಅವರಿಗೆ ನಾನು ಕೊಡಲ್ಲ."

ಎಸ್ತರ್ ಅತ್ತಳು. ಮುದುಕಿ ಅವಳ ಕಾಲ ಬಳಿ ಕೂತು ಅತ್ತಳು. ಎಸ್ತರ್ ಕಾಲು ಹಿಂದಕ್ಕೆ ಎಳೆದುಕೊಂಡಳು.

ಸಾಮುವೇಲ್ ಅಯ್ಯರ್ ತಗಡನ್ನು ಸೆಲ್ವರಾಜನತ್ತ ಚಾಚಿ, "ನೀನು ವೆಲ್ಡರ್ ಅಲ್ಲವಾ, ಇದನ್ನು ಕರಗಿಸಿಬಿಡು" ಎಂದರು. ಅವನು ಕೈ ಚಾಚಲಿಲ್ಲ. ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಕೊನೆಗೆ ತಮ್ಮ ಜೇಬಿಗೇ ಹಾಕಿಕೊಂಡರು.

ಭಾನುವಾರ

ಆರಾಧನೆಯಲ್ಲಿ ಸಾಮುವೇಲ್ ಅಯ್ಯರ್ ಎಲ್ಲವನ್ನೂ ವೇದಿಕೆಯಿಂದ ಹೇಳಿದರು. ಸುಗುಣ ನಿರಪರಾಧಿ. ಅವಳ ಮೇಲೆ ಸಭೆ ಸುಳ್ಳುಸಾಕ್ಷಿ ಹೇಳಿದೆ, ಅದರಲ್ಲಿ ಮೊದಲನೆಯವನು ನಾನು, ಎಂದರು. ಜನ ತಲೆ ತಗ್ಗಿಸಿ ಕೇಳಿದರು. ನಾನು ಒಳಗೊಳಗೇ ಸ್ತೋತ್ರ ಮಾಡಿದೆ.

ಆಮೇಲೆ ರೊಟ್ಟಿ, ದ್ರಾಕ್ಷಾರಸದ ಪಾತ್ರೆ. ನಮ್ಮಲ್ಲಿ ಈಗ ಚಿಕ್ಕ ಚಿಕ್ಕ ಲೋಟಗಳು ಬಂದಿವೆ. ಅಲ್ಲಿ ಇನ್ನೂ ಒಂದೇ ಬೆಳ್ಳಿ ಪಾತ್ರೆಯಿಂದ ಎಲ್ಲರೂ ಕುಡಿಯುತ್ತಿದ್ದರು. ಸುಗುಣ ಮೊದಲು ಎದ್ದು ಹೋಗಿ ವೇದಿಕೆಯ ಕಟಕಟೆಯ ಮುಂದೆ ಮೊಣಕಾಲೂರಿದಳು. ಜನ ಎದ್ದು ಬರುವುದನ್ನು ಕಾದಳು. ಸೆಲ್ವರಾಜ್ ಏಳುವವನಂತೆ ಮುಂದಕ್ಕೆ ಬಾಗಿ, ಮಗಳ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದ. ಅದು ಸರಿಯಾಗಲೇ ಇಲ್ಲ.

ನಾನು ಹೋಗಿ ಅವಳ ಬಲಕ್ಕೆ ಮೊಣಕಾಲೂರಿದೆ. ಎಡಗಡೆ ಖಾಲಿ. ಸಾಮುವೇಲ್ ಅಯ್ಯರ್ ಅವಳಿಗೆ ಪಾತ್ರೆ ಕೊಟ್ಟರು, ನನಗೆ ಕೊಟ್ಟರು. ಆಮೇಲೆ ಪಾತ್ರೆ ಹಿಡಿದು ಸಭೆಯ ಕಡೆ ತಿರುಗಿ ನಿಂತರು. ನಿಂತೇ ಇದ್ದರು. ಬಹಳ ಹೊತ್ತಾದ ಮೇಲೆ ಫೋರ್ಮನ್ನರು ಬಂದು ದೂರದಲ್ಲಿ ಮಂಡಿಯೂರಿದರು. ಪಾತ್ರೆ ಬಂದಾಗ ತುಟಿ ಅದರ ಹತ್ತಿರ ಹೋಯಿತು, ತಾಗಲಿಲ್ಲ. ನಾನು ಪಕ್ಕದಿಂದ ಕಂಡೆ. ಬೇರೆ ಯಾರೂ ಬರಲಿಲ್ಲ.

ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ, ಪಾಸ್ಟರೇ ಕುಡಿದು ಮುಗಿಸಬೇಕು. ಇಡೀ ಸಭೆಗೆಂದು ತುಂಬಿದ ಪಾತ್ರೆ. ಆ ಮುದಿ ಮನುಷ್ಯ ಸಭೆಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಅದನ್ನು ಎತ್ತಿ ಕುಡಿಯತೊಡಗಿದರು. ಮಧ್ಯೆ ಮಧ್ಯೆ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದರು. ಹಾಡುವವರು ಹಾಡು ಮರೆತಿದ್ದರು. ಅವರು ಗುಟುಕರಿಸುವ ಸದ್ದು ಕೊನೆಯ ಬೆಂಚಿಗೂ ಕೇಳಿಸುತ್ತಿತ್ತು. ಆ ಬೆಂಚಿನಲ್ಲಿ ಜ್ಞಾನಮ್ಮಾಳ್ ಒಬ್ಬಳೇ ಕೂತಿದ್ದಳು.

ಪೆರಂಬೂರು ಸ್ಟೇಷನ್

ಸ್ವಲ್ಪ ದಿನ ನನ್ನ ಜೊತೆ ಊರಿಗೆ ಬಾ ಎಂದು ಸುಗುಣಳನ್ನು ಕರೆದೆ. "ಬರಲ್ಲ ಅಯ್ಯ. ಈಗ ಬಂದ್ರ ಓಡೋದ್ಲು ಅಂತಾರ" ಎಂದಳು. ಲಿಡಿಯಾಳಿಗೆ ಪ್ರಾರ್ಥನೆ ಮಾಡಿ ಹೊರಟೆ. ರಮಾಬಾಯಿ ಬಾಗಿಲಲ್ಲೇ ನಿಂತು, "ಹೋಗ್ಬನ್ನಿ, ಆ ಪೊಣ್ಣಿನ ಮೇಲೆ ನಾನೊಂದು ಕಣ್ಣಿಟ್ಟಿರ್ತೀನಿ" ಎಂದರು. ಒಳ್ಳೆಯ ಕಣ್ಣೋ ಕೆಟ್ಟ ಕಣ್ಣೋ ಎಂದು ಆ ಬೀದಿಯಲ್ಲಿ ಕೇಳುವಂತಿರಲಿಲ್ಲ. ಆದರೂ ಅದು ನನಗೆ ಧೈರ್ಯ ಕೊಟ್ಟಿತು.

ಸೆಲ್ವರಾಜ್ ನನ್ನ ಚೀಲ ಹೊತ್ತು ಸ್ಟೇಷನ್ನಿಗೆ ಬಂದ. ಬಿಸಿಲಿಗೆ ಪ್ಲಾಟ್‌ಫಾರ್ಮಿನ ಕಲ್ಲು ಸುಡುತ್ತಿತ್ತು. ನನಗೆ ಸೋಡಾ ಕೊಡಿಸಿದ, ತಾನು ಕುಡಿಯಲಿಲ್ಲ. ಒಳ್ಳೆಯ ಗಂಡಸು, ಕುಡಿತವಿಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ರೈಲು ಬಂತು. ನಾನು ಕಿಟಕಿಯ ಪಕ್ಕ ಕೂತೆ. ಅವನು ಕಂಬಿ ಹಿಡಿದುಕೊಂಡು ನಿಂತ.

"ಅಯ್ಯಾ, ಒಂದು ಮಾತು ಕೇಳಲಾ?"

"ಕೇಳಪ್ಪ."

"ತಗಡು ಇಟ್ಟದ್ದು ಅಮ್ಮ. ಅದು ಸರಿ." ಸುತ್ತ ನೋಡಿದ. "ಆದರೆ ಇವಳು ಏನೂ ಮಾಡಿಲ್ಲ ಅನ್ನೋದು ನಿಮಗೆ ಖಂಡಿತವಾಗಿ ಗೊತ್ತಾ?"

ನನಗೆ ಎಷ್ಟು ಸಿಟ್ಟು ಬಂತೆಂದರೆ, ಕಂಬಿಯ ಮೇಲಿದ್ದ ಅವನ ಕೈಯನ್ನು ಹಿಡಿದು ಅಲುಗಿಸಿದೆ. "ಇಷ್ಟು ವರ್ಷ ಅವಳ ಜೊತೆ ಬಾಳಿದವನು ನೀನು. ಅವಳ ಕೈ ಅನ್ನ ಉಂಡವನು ನೀನು. ಅವಳ ಪಕ್ಕ ಮಲಗಿದವನು ನೀನು. ನನ್ನನ್ನು ಕೇಳುತ್ತೀಯಾ?"

ರೈಲು ಕದಲಿತು. ಅವನು ಕಂಬಿ ಬಿಡದೆ ಕಿಟಕಿಯ ಜೊತೆ ನಡೆದ.

"ಅದೇ ಅಯ್ಯಾ," ಎಂದ. "ಅದೇ ನನಗೆ ಭಯ."